ಪಾವಣೆ ಎಂಟು

"ನಂಬರ್ ಏಳು! ಅಮೋಘಿ!"

ಊರಂಚಿನ ಜಕಾತಿ ನಾಕಾದ ಕಡೆಯಿಂದ ಅಣ್ಣನ ಹೆಸರು ಕೇಳಿಬಂದಾಗ ದುಂಡವ್ವ ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂತು ಬೆಲ್ಲ-ಶೇಂಗಾ ತಿನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅದು ಅಣ್ಣನ ಬೆಲ್ಲ-ಶೇಂಗಾ. ಸೈಕಲ್ ಶರ್ಯತ್ತಿಗೆ ಮೊದಲು ಅವನು ತಿನ್ನಲಿ ಎಂದು ಪರಸವ್ವ ಅತ್ತಿ ಕಟ್ಟಿಕೊಟ್ಟಿದ್ದಳು. ದಾರಿಯಲ್ಲಿ ಗಂಟು ಸ್ವಲ್ಪ ಸಡಿಲಾಗಿತ್ತು, ಅಷ್ಟೇ.

"ಅಣ್ಣಾ, ನಿನ್ನ ಹೆಸರು ಕರ್ಯಾಕತ್ತಾರ," ಅಂದಳು.

"ಇಷ್ಟು ಲಗೂ ಯಾಕ ಕರೀತಾರ? ಇನ್ನೂ ಒಂದು ತಾಸು ಐತಿ," ಅಂದ ಅಮೋಘಿ. ಹಾಗೆಂದರೂ ಪೆಡಲನ್ನು ಜೋರಾಗಿ ತುಳಿಯತೊಡಗಿದ.

ನಾಕಾದ ಹತ್ತಿರ ಬಂದರೆ ಟಿಕೋಟಾ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದಿತ್ತು. ಬೇವಿನ ಮರದ ಕೆಳಗೆ ಟೇಬಲ್ಲು, ಟೇಬಲ್ಲಿನ ಮೇಲೆ ಗಡಿಯಾರ, ಗಡಿಯಾರದ ಹಿಂದೆ ಕರಿ ಟೊಪ್ಪಿಗೆಯ ಚಮನಸಾಬ ಕಾಕಾ. ಆದರೆ ಉಳಿದ ಆರು ಸೈಕಲ್ಲುಗಳಲ್ಲಿ ಒಂದೂ ಕಾಣಲಿಲ್ಲ. ಎಲ್ಲರೂ ಹೊರಟುಹೋಗಿದ್ದರು.

"ಎಲ್ಲಿ ಹೋಗಿದ್ದೆಪಾ? ನಿನ್ನ ವ್ಯಾಳ್ಯಾ ಶುರು ಆಗಿ ಆರು ಮಿನಿಟ್ ಆತು," ಅಂದರು ಚಮನಸಾಬ.

ಅಮೋಘಿಯ ಮುಖ ಬಿಳುಚಿಕೊಂಡಿತು. ಡಂಡಿಯಿಂದ ಇಳಿದ ದುಂಡವ್ವನ ಬಾಯಲ್ಲಿ ಬೆಲ್ಲ ಹಾಗೇ ಉಳಿಯಿತು.

ಇದು ಎಲ್ಲರೂ ಒಟ್ಟಿಗೆ ಓಡಿಸುವ ಶರ್ಯತ್ತಲ್ಲ. ಇಲ್ಲಿ ಐದೈದು ನಿಮಿಷಕ್ಕೆ ಒಬ್ಬೊಬ್ಬರನ್ನು ಬಿಡುತ್ತಾರೆ. ಟಿಕೋಟಾದ ತನಕ ಹೋಗಬೇಕು. ಅಲ್ಲಿ ಚಹಾದ ಅಂಗಡಿಯ ಸಾಬಣ್ಣ ಅಂಗೈಗೆ ನೀಲಿ ಮಸಿ ಹಚ್ಚುತ್ತಾನೆ. ಮಸಿ ಹಚ್ಚಿಸಿಕೊಂಡು ತಿರುಗಿ ಬರಬೇಕು. ಯಾರು ಎಷ್ಟು ಹೊತ್ತಿನಲ್ಲಿ ಬಂದರು ಎಂದು ಚಮನಸಾಬ ಬರೆದುಕೊಳ್ಳುತ್ತಾರೆ. ಹೆಸರು ಕರೆದಾಗ ನೀವು ಅಲ್ಲಿ ಇರಿ, ಬಿಡಿ, ನಿಮ್ಮ ಗಡಿಯಾರ ಮಾತ್ರ ಶುರುವಾಗಿಬಿಡುತ್ತದೆ. ಗಡಿಯಾರಕ್ಕೆ ದಯೆ ದಾಕ್ಷಿಣ್ಯ ಎಲ್ಲಿಯದು?

ಆ ಚಳಿಗಾಲದಲ್ಲಿ ವಿಜಾಪುರದ ಸೈಕಲ್ ಮಂಡಳಿ ಇಂಥ ನಾಲ್ಕು ಶರ್ಯತ್ತು ಇಟ್ಟಿತ್ತು. ಒಮ್ಮೆ ಟಿಕೋಟಾ, ಎರಡು ಸಲ ಬಬಲೇಶ್ವರ, ಇವತ್ತು ಕೊನೆಯದು ಮತ್ತೆ ಟಿಕೋಟಾ. ನಾಲ್ಕರ ಹೊತ್ತನ್ನೂ ಕೂಡಿಸಿದಾಗ ಯಾರದು ಎಲ್ಲಕ್ಕಿಂತ ಕಡಿಮೆಯೋ ಅವನೊಬ್ಬನೇ ಬೆಳಗಾವಿಯ ದೊಡ್ಡ ಶರ್ಯತ್ತಿಗೆ ಹೋಗುತ್ತಾನೆ. ಬೆಳಗಾವಿಯಲ್ಲಿ ಓಡಿಸಲು ಖರೇ ಖರೇ ರೇಸಿಂಗ್ ಸೈಕಲ್ ಕೊಡುತ್ತಾರಂತೆ. ತೆಳ್ಳನೆಯ ಟಯರು, ಟಗರಿನ ಕೋಡಿನಂತೆ ಬಾಗಿದ ಹ್ಯಾಂಡಲ್. ಅಮೋಘಿ ಅದರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಕನ್ನಡಿಯ ಮಗ್ಗುಲಿಗೆ ಅಂಟಿಸಿಕೊಂಡಿದ್ದ. ತಲೆ ಬಾಚುವಾಗ ತನ್ನ ಮುಖಕ್ಕಿಂತ ಅದನ್ನೇ ಹೆಚ್ಚು ನೋಡುತ್ತಿದ್ದ.

ಅಮೋಘಿಯದು ಊರಲ್ಲೆಲ್ಲ ಸುತ್ತಿ ಟೆಲಿಗ್ರಾಂ ಮುಟ್ಟಿಸುವ ಕೆಲಸ. ದಿನವಿಡೀ ಸೈಕಲ್ ತುಳಿದೇ ಅವನ ಕಾಲು ಗಟ್ಟಿಯಾಗಿದ್ದವು. ಮೂರು ಶರ್ಯತ್ತು ಮುಗಿದಾಗ ಅವನೇ ಮೊದಲನೆಯವನು. ಎರಡನೆಯವನು ಜೋರಾಪುರ ಪೇಟೆಯ ಬಳೆ ಅಂಗಡಿಯ ಸೈಫುದ್ದೀನ. ಅವನು ಅಮೋಘಿಗಿಂತ ಬರೀ ಎರಡು ನಿಮಿಷ ಹಿಂದೆ ಇದ್ದ.

"ಎಂಟೂ ಮುಕ್ಕಾಲಕ್ಕ ಬಾ ಅಂತ ಹೇಳಿ ಕಳಿಸಿದ್ರಲ್ರಿ, ಕಾಕಾರ," ಅಂದ ಅಮೋಘಿ.

"ನಾನು?" ಅಂದರು ಚಮನಸಾಬ.

ಅಮೋಘಿ ತಂಗಿಯ ಕಡೆ ನೋಡಿದ. ನಿನ್ನೆ ಶಾಲೆಯಿಂದ ಬರುವಾಗ ಚಮನಸಾಬರ ಅಂಗಡಿಗೆ ಹೋಗಿ ಶರ್ಯತ್ತಿನ ಹೊತ್ತು ಕೇಳಿಕೊಂಡು ಬಂದವಳು ಅವಳೇ. ದುಂಡವ್ವ ಹೌದೆಂದು ಗಟ್ಟಿಯಾಗಿ ತಲೆಯಾಡಿಸಿದಳು. ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಜಗಳಕ್ಕೆ ಹೊತ್ತು ಎಲ್ಲಿತ್ತು? ಅಮೋಘಿ ಚಪ್ಪಲಿ ಕಳಚಿ ಒಗೆದು, ಸುಣ್ಣದ ಗೆರೆ ದಾಟಿ, ಒಂದೇ ಉಸಿರಿಗೆ ಹೊರಟ. ಶರ್ಯತ್ತಿಗೆಂದು ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರ್ರು, ಚೈನ್ ಕವರು ಎಲ್ಲ ಬಿಚ್ಚಿಟ್ಟಿದ್ದ. ಬೋಳು ಸೈಕಲ್ಲು ಏರಿನ ಆಚೆಗೆ ಹೋಗಿ ಮರೆಯಾಯಿತು.

ಚಮನಸಾಬ ಪುಸ್ತಕದಲ್ಲಿ ಏನೋ ಬರೆದುಕೊಂಡು ಪೆನ್ಸಿಲ್ ಕೆಳಗಿಟ್ಟರು.

"ಬೇಟಾ, ಎಂಟೂ ಮುಕ್ಕಾಲ ಅಂತ ನಾ ಅಂದೆನೇನು?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ ಕಾಕಾ."

ಅವರು ಮತ್ತೆ ಕೇಳಲಿಲ್ಲ. ಚಮನಸಾಬ ಗಡಿಯಾರ ರಿಪೇರಿ ಮಾಡುವವರು. ಪೇಟೆಯ ಅರ್ಧ ಮಂದಿ ಅವರ ಅಂಗಡಿಯ ಗೋಡೆ ನೋಡಿ ತಮ್ಮ ಮನೆಯ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಮದುವೆಯ ಮುಹೂರ್ತ ಇರಲಿ, ಬಸ್ಸು ಹಿಡಿಯುವುದಿರಲಿ, ಚಮನಸಾಬ ಹೇಳಿದರೆ ಮುಗಿಯಿತು. ಅಂಥವರು ಈಗ ಕುರ್ಚಿಯಲ್ಲಿ ಕುಗ್ಗಿ ಕೂತು ತಮ್ಮಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದರು. ನಿನ್ನೆ ಏನು ಹೇಳಿದೆ, ಹೇಗೆ ಹೇಳಿದೆ ಎಂದು ನೆನಪಿಸಿಕೊಳ್ಳುತ್ತಿದ್ದರು. ದುಂಡವ್ವನಿಗೆ ಅವರ ಮೇಲೆ ಸಿಟ್ಟು ಬಂತು. ಇಷ್ಟು ದೊಡ್ಡವರಾಗಿ ಹೊತ್ತು ಸರಿಯಾಗಿ ಹೇಳಬಾರದೇ?

ಬೇವಿನ ಮರದ ಇನ್ನೊಂದು ಮಗ್ಗುಲಿಗೆ ಸೈಫುದ್ದೀನನ ತಂಗಿ ನಜಮಾ ಕೂತಿದ್ದಳು. ದುಂಡವ್ವನ ಕ್ಲಾಸಿನವಳೇ. ಶರ್ಯತ್ತಿಗೆ ಹೋಗುವಾಗ ಅವಳ ಅಣ್ಣ ಬಿಚ್ಚಿಕೊಟ್ಟ ಕೈಗಡಿಯಾರ ಅವಳ ಸಣ್ಣ ಕೈಯಲ್ಲಿ ನಿಲ್ಲದೆ ಮೊಳಕೈತನಕ ಏರಿತ್ತು. ಇವತ್ತು ಇಬ್ಬರ ಅಣ್ಣಂದಿರೂ ಪೈಪೋಟಿಗೆ ಬಿದ್ದು ಓಡಿಸುತ್ತಿದ್ದರಲ್ಲ, ಹಾಗಾಗಿ ಮೊದಲು ಇಬ್ಬರೂ ಮಾತಾಡಲಿಲ್ಲ. ಆಮೇಲೆ ದುಂಡವ್ವನ ಗಂಟಿನಲ್ಲಿ ಶೇಂಗಾ ಇನ್ನೂ ಉಳಿದಿರುವುದು ನಜಮಾಳ ಕಣ್ಣಿಗೆ ಬಿತ್ತು. ಮಾತು ತಾನಾಗಿ ಶುರುವಾಯಿತು.

ಅರ್ಧ ತಾಸು ಹೋಯಿತು. ನಜಮಾ ಗಡಿಯಾರವನ್ನು ಮಣಿಕಟ್ಟಿಗೆ ಜಗ್ಗಿಕೊಂಡು ನೋಡಿದಳು.

"ಮೊದಲನೇದಾಂವ ಪಾವಣೆ ಒಂಬತ್ತಕ್ಕ ಬರ್ತಾನ, ನೋಡ್ತಿರು," ಅಂದಳು.

ದುಂಡವ್ವ ನಕ್ಕಳು. ಒಂಬತ್ತೂ ಮುಕ್ಕಾಲಿನ ತನಕ ಅವನು ಟಿಕೋಟಾದಲ್ಲಿ ಚಹಾ ಕುಡಿಯುತ್ತ ಕೂಡುತ್ತಾನೇನು ಎಂದು ಕೇಳಿದಳು.

"ಒಂಬತ್ತೂ ಮುಕ್ಕಾಲ ಅಂತ ಯಾರಂದ್ರು? ಪಾವಣೆ ಒಂಬತ್ತು."

"ಎರಡೂ ಒಂದಲ್ಲೇನು?"

ನಜಮಾ ಅವಳನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಗಡಿಯಾರವನ್ನು ಅವಳ ಮುಖದ ಹತ್ತಿರ ಹಿಡಿದಳು. "ಹುಚ್ಚಿ, ಒಂಬತ್ತಾಗಾಕ ಪಾವ ತಾಸು ಕಮ್ಮಿ ಇದ್ದಾಗ ಪಾವಣೆ ಒಂಬತ್ತು. ಸಣ್ಣ ಮುಳ್ಳು ಇನ್ನೂ ಒಂಬತ್ತಕ್ಕ ಮುಟ್ಟಿರಂಗಿಲ್ಲ. ಎಂಟೂ ಮುಕ್ಕಾಲ ಅಂತೀರಲ್ಲ, ಅದು."

ದುಂಡವ್ವನ ಕೈಯಲ್ಲಿದ್ದ ಶೇಂಗಾ ಕೆಳಗೆ ಬಿತ್ತು.

ಅವಳು ಘೋಣಸಗಿ ಹಳ್ಳಿಯಿಂದ ವಿಜಾಪುರದ ಅತ್ತಿಯ ಮನೆಗೆ ಬಂದು ಒಂದು ವರ್ಷ ಆಗಿರಲಿಲ್ಲ. ಘೋಣಸಗಿಯಲ್ಲಿ ಹೊತ್ತು ಎಂದರೆ ಬಿಸಿಲು, ಇಲ್ಲದಿದ್ದರೆ ಬಸ್ಸು. ಶಾಲೆಯಲ್ಲಿ ಗುರುಗಳು ಏಳೂ ಕಾಲು, ಏಳೂವರೆ, ಏಳೂ ಮುಕ್ಕಾಲು ಎಂದು ಕಲಿಸಿದ್ದರು. ಪೇಟೆಯಲ್ಲಿ ಮಾತ್ರ ಎಲ್ಲರೂ ಸವ್ವಾ, ಸಾಡೇ, ಪಾವಣೆ ಎನ್ನುತ್ತಿದ್ದರು. ಸವ್ವಾ ಏಳು ಎಂದರೆ ಏಳಕ್ಕೆ ಕಾಲು ಕೂಡಿಸಬೇಕು. ಸಾಡೇ ಏಳು ಎಂದರೆ ಅರ್ಧ ಕೂಡಿಸಬೇಕು. ಇವೆರಡನ್ನೂ ಅವಳು ಕೇಳಿ ಕೇಳಿಯೇ ಕಲಿತಿದ್ದಳು. ಇನ್ನು ಪಾವಣ ಕಿಲೋ ಎಂದರೆ ಮುಕ್ಕಾಲು ಕಿಲೋ. ಅತ್ತಿ ದಿನಾ ಅಂಗಡಿಗೆ ಕಳಿಸುತ್ತಾಳೆ, ಗೊತ್ತಿಲ್ಲವೇ? ಅಂದ ಮೇಲೆ ಪಾವಣೆ ಎಂಟು ಎಂದರೆ ಎಂಟೂ ಮುಕ್ಕಾಲು ತಾನೇ? ಇದೊಂದಕ್ಕೆ ಮಾತ್ರ ಹಿಂದಕ್ಕೆ ಬರಬೇಕು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ನಿನ್ನೆ ಚಮನಸಾಬ ಕಾಕಾ ಅಂದದ್ದು, "ಈ ಸಲ ಬಿಸಲು ಏರೋದ್ರಾಗ ಮುಗಸ್ತೀವಿ. ನಿಮ್ಮಣ್ಣಂದು ಪಾವಣೆ ಎಂಟಕ್ಕ." ಪೂರಾ ಸರಿಯಾಗಿಯೇ ಹೇಳಿದ್ದರು. ಹಿಂದಿನ ಶರ್ಯತ್ತುಗಳು ಸವ್ವಾ ಎಂಟಕ್ಕೆ ಶುರುವಾಗುತ್ತಿದ್ದವು. ಹಾಗಾಗಿ ಕೊನೆಯವನಾದ ತನ್ನದು ಎಂಟೂ ಮುಕ್ಕಾಲಕ್ಕೆ ಎಂದಾಗ ಅಮೋಘಿಗೂ ಅದು ತಪ್ಪು ಎನ್ನಿಸಿರಲಿಲ್ಲ. ಮೈ ಬೆಚ್ಚಗೆ ಮಾಡಿಕೊಳ್ಳಲು ಒಂದು ತಾಸು ಮೊದಲೇ ಬರುವುದು ಅವನ ರೂಢಿ. ಆ ರೂಢಿ ಇದ್ದದ್ದಕ್ಕೆ ಆರೇ ನಿಮಿಷ ಹೋಯಿತು. ಇಲ್ಲದಿದ್ದರೆ ಇಡೀ ಒಂದು ತಾಸು ಹೋಗುತ್ತಿತ್ತು.

"ಏನಾತು?" ಎಂದು ನಜಮಾ ಕೇಳಿದಳು.

ಏನೂ ಇಲ್ಲ ಎಂದು ದುಂಡವ್ವ ತಲೆಯಲ್ಲಾಡಿಸಿದಳು. ಈಗಲೇ ಎದ್ದು ಹೋಗಿ ಹೇಳಿಬಿಡಬೇಕು ಅನ್ನಿಸಿತು. ಆದರೆ ಅಣ್ಣ ಇನ್ನೂ ದಾರಿಯಲ್ಲಿದ್ದಾನೆ. ಜೋರಾಗಿ ಹೊಡೆದು ಆರು ನಿಮಿಷವನ್ನೂ ತುಂಬಿಕೊಂಡು ಬಂದರೂ ಬಂದಾನು. ಆಗ ಯಾರ ತಪ್ಪು ಎಂದು ಯಾರು ಕೇಳುತ್ತಾರೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಕೂತಳು.

ಮೊದಲನೆಯವನು ಬಂದ. ನಜಮಾಳ ಗಡಿಯಾರದಲ್ಲಿ ದೊಡ್ಡ ಮುಳ್ಳು ಒಂಬತ್ತರ ಮೇಲೆ ನಿಂತಿತ್ತು. ಸಣ್ಣ ಮುಳ್ಳು ಒಂಬತ್ತಕ್ಕೆ ಇನ್ನೂ ಮುಟ್ಟಿರಲಿಲ್ಲ.

ಒಂಬತ್ತು ಹೊಡೆದು ಒಂದು ನಿಮಿಷಕ್ಕೆ ಆರನೆಯ ನಂಬರಿನ ಸೈಫುದ್ದೀನ ಬಂದ. ಒಂದು ತಾಸು ಇಪ್ಪತ್ತೊಂದು ನಿಮಿಷ. ಅವನು ಮರಕ್ಕೆ ಒರಗಿ ಕೂತು ಏದುಸಿರು ಬಿಡುತ್ತ, ನೀಲಿ ಅಂಗೈಯಿಂದ ಹಣೆ ಒರೆಸಿಕೊಂಡು, ಹಣೆಯನ್ನೂ ನೀಲಿ ಮಾಡಿಕೊಂಡ. ಅಮೋಘಿ ಬಂದದ್ದು ಒಂಬತ್ತೂ ಹನ್ನೊಂದಕ್ಕೆ. ಗೆರೆ ದಾಟಿದವನೇ ಸೈಕಲ್ ಸಮೇತ ಹುಲ್ಲಿನ ಮೇಲೆ ಉರುಳಿದ. ದುಂಡವ್ವ ನೀರಿನ ತಂಬಿಗೆ ಹಿಡಿದು ಓಡಿದಳು.

ಚಮನಸಾಬ ಪೆನ್ಸಿಲ್ ಹಿಡಿದು ಎರಡೆರಡು ಸಲ ಲೆಕ್ಕ ಮಾಡಿದರು. ಆಮೇಲೆ ಎದ್ದು ನಿಂತು, ಎಲ್ಲರೂ ಕೇಳಲಿ ಎಂದು ಗಂಟಲು ಸರಿ ಮಾಡಿಕೊಂಡರು. ಅಮೋಘಿ ರಸ್ತೆಯ ಮೇಲೆ ಇದ್ದದ್ದು ಒಂದು ತಾಸು ಇಪ್ಪತ್ತು ನಿಮಿಷ. ಆದರೆ ತಡವಾದ ಆರು ನಿಮಿಷ ಸೇರಿಸಿದರೆ ಒಂದು ತಾಸು ಇಪ್ಪತ್ತಾರು. ಹಾಗೆ ಹಿಡಿದರೆ ನಾಲ್ಕೂ ಶರ್ಯತ್ತು ಕೂಡಿಸಿ ಸೈಫುದ್ದೀನ ಮೂರು ನಿಮಿಷದಿಂದ ಗೆದ್ದ ಹಾಗೆ. ಆರು ನಿಮಿಷ ಬಿಟ್ಟರೆ ಅಮೋಘಿ ಮೂರು ನಿಮಿಷದಿಂದ ಗೆದ್ದ ಹಾಗೆ.

"ಆರು ಮಂದಿಗೆ ವ್ಯಾಳ್ಯಾ ಸರಿ ಹೇಳೀನಿ. ಏಳನೇದವಗ ನನ್ನ ಬಾಯಿ ತಪ್ಪೇತಿ," ಅಂದರು ಚಮನಸಾಬ. "ವಯಸ್ಸಾತು. ನನ್ನ ತಪ್ಪಿಗೆ ಆ ಹುಡುಗನ ಆರು ಮಿನಿಟ್ ಹೋಗಬಾರದು. ಆ ಆರನ್ನ ಬಿಟ್ಟು ಎಣಸ್ತೀನಿ. ಸೈಫುದ್ದೀನ, ನೀ ಏನಂತಿ?"

ಸೈಫುದ್ದೀನ ಹಣೆಯ ಬೆವರು ಒರೆಸಿಕೊಂಡ. ಆಮೇಲೆ, ಕಾಕಾನಿಂದ ತಪ್ಪಾಗಿದ್ದರೆ ಅಮೋಘಿ ಗೆದ್ದದ್ದೇ ಖರೆ ಎಂದ. ನಜಮಾ ಅಣ್ಣನ ಕೈಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವಳ ಕಣ್ಣು ತುಂಬಿದ್ದವು.

ಮಂದಿ ಬಂದು ಅಮೋಘಿಯ ಬೆನ್ನು ತಟ್ಟಿದರು. ಅಮೋಘಿ ಹುಲ್ಲಿನ ಮೇಲಿಂದ ಎದ್ದು ನಕ್ಕ. ಅವನು ಹಾಗೆ ನಕ್ಕದ್ದನ್ನು ದುಂಡವ್ವ ಎಷ್ಟೋ ದಿನದಿಂದ ನೋಡಿರಲಿಲ್ಲ. ಸುಮ್ಮನಿದ್ದರೆ ಸಾಕು. ಅಣ್ಣ ಬೆಳಗಾವಿಗೆ ಹೋಗುತ್ತಾನೆ, ಬಾಗಿದ ಹ್ಯಾಂಡಲ್ಲಿನ ಸೈಕಲ್ ಓಡಿಸುತ್ತಾನೆ.

ಚಮನಸಾಬ ಟೇಬಲ್ಲಿನ ಮೇಲಿನ ಗಡಿಯಾರವನ್ನು ಎತ್ತಿ ಚೀಲದಲ್ಲಿ ಇಡುತ್ತಿದ್ದರು. ಇಡುವ ಮೊದಲು ಅದನ್ನು ಕಿವಿಗೆ ಹಿಡಿದು ಕೇಳಿದರು. ತಪ್ಪು ತಮ್ಮದಲ್ಲ, ಗಡಿಯಾರದ್ದಾದರೂ ಆಗಿರಬಾರದೇ ಎನ್ನುವ ಹಾಗೆ ಕೇಳಿದರು. ಆಮೇಲೆ, ಬರುವ ವರ್ಷ ಬೇರೆ ಯಾರನ್ನಾದರೂ ನೋಡಿಕೊಳ್ಳಿರಿ ಎಂದು ಮಂಡಳಿಯವರಿಗೆ ಹೇಳಿದರು.

ದುಂಡವ್ವನಿಗೆ ತಡೆಯಲಾಗಲಿಲ್ಲ. ಹೋಗಿ ಅವರ ಅಂಗಿಯ ತೋಳು ಹಿಡಿದಳು.

"ಕಾಕಾ, ನೀವು ಪಾವಣೆ ಎಂಟು ಅಂದಿದ್ರಿ," ಅಂದಳು. "ಪಾವಣ ಕಿಲೋ ಅಂದ್ರ ಮುಕ್ಕಾಲ ಕಿಲೋ ಅಲ್ರಿ. ಅದಕ್ಕ ನಾನು ಅಣ್ಣಗ ಎಂಟೂ ಮುಕ್ಕಾಲ ಅಂತ ಹೇಳಿದೆ. ನಜಮಾ ಹೇಳೋತನಕ ನನಗ ಗೊತ್ತಿರಲಿಲ್ಲ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಚಮನಸಾಬ ನಗಲಿಲ್ಲ. ಚಷ್ಮಾ ತೆಗೆದು ಒರೆಸಿಕೊಂಡರು.

"ಅಂದ್ರ ನನ್ನ ಬಾಯಿ ತಪ್ಪಿಲ್ಲ," ಎಂದು ತಮಗಷ್ಟೇ ಕೇಳುವಂತೆ ಹೇಳಿಕೊಂಡರು. ಅವರ ಬೆನ್ನು ನೆಟ್ಟಗಾಯಿತು. ಆಮೇಲೆ ಅಮೋಘಿಯ ಕಡೆ ತಿರುಗಿದರು.

ಎಲ್ಲರೂ ಅಮೋಘಿಯನ್ನೇ ನೋಡುತ್ತಿದ್ದರು. ಅವನ ನಗು ಹೋಗಿತ್ತು. ಅವನು ತನ್ನ ನೀಲಿ ಅಂಗೈಯನ್ನು ಒಮ್ಮೆ ಬಿಚ್ಚಿ, ಒಮ್ಮೆ ಮುಚ್ಚಿದ. ದುಂಡವ್ವನಿಗೆ ಅದು ಬಹಳ ಹೊತ್ತು ಅನ್ನಿಸಿತು. ಗಡಿಯಾರ ನೋಡಿದ್ದರೆ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

"ಪಾವಣೆ ಎಂಟರಿಂದನ ಎಣಸ್ರಿ, ಕಾಕಾರ," ಅಂದ ಅಮೋಘಿ. "ನನ್ನ ವ್ಯಾಳ್ಯಾ ನಾನ ಬಂದು ಕೇಳಬೇಕಾಗಿತ್ತು."

ಸೈಫುದ್ದೀನ ಏನೋ ಹೇಳಲು ಬಂದ. ಅಮೋಘಿ ಕೈಯೆತ್ತಿ ಅವನನ್ನು ತಡೆದ. ಆಮೇಲೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡ.

ಮನೆಗೆ ಬರುವಾಗ ಅವನು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನಡೆದ. ದುಂಡವ್ವ ಹಿಂದೆ ಹಿಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಒಂದು ಏಟು ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು, ಅತ್ತಾದರೂ ಹಗುರಾಗಬಹುದಿತ್ತು. ಅವನು ಏನೂ ಮಾಡಲಿಲ್ಲ. ಊಟದ ಹೊತ್ತಿಗೆ ಪರಸವ್ವ ಅತ್ತಿಗೆ ಸಂಗತಿ ತಿಳಿಯಿತು. ಆಕೆ ದುಂಡವ್ವನಿಗೆ ಬೈಯಲು ಬಾಯಿ ತೆರೆದಳು, ಅಮೋಘಿಯ ಮುಖ ನೋಡಿ ರೊಟ್ಟಿ ಬಡಿಯಲು ಹೋದಳು. ಆ ಮಧ್ಯಾಹ್ನ ರೊಟ್ಟಿಗಳಿಗೆ ಒಳ್ಳೆಯ ಏಟು ಬಿದ್ದವು.

ಸಂಜೆಯ ಮುಂದೆ ಅಮೋಘಿ ಅಂಗಳದಲ್ಲಿ ಸೈಕಲ್ ಮಲಗಿಸಿಕೊಂಡು ಕೂತ. ಬಿಚ್ಚಿಟ್ಟದ್ದನ್ನೆಲ್ಲ ತಿರುಗಿ ಜೋಡಿಸಬೇಕಿತ್ತು. ನಾಳೆಯಿಂದ ಮತ್ತೆ ಟೆಲಿಗ್ರಾಂ. ದುಂಡವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಅವನು ಮಡ್‌ಗಾರ್ಡ್ ಕೂಡಿಸಿದ. ಕ್ಯಾರಿಯರ್ ಕೂಡಿಸಿದ. ನಟ್ಟು ಬಿಗಿ ಮಾಡುತ್ತ, ತಲೆ ಎತ್ತದೇ ಕೇಳಿದ.

"ದುಂಡಿ, ರಸ್ತೆದಾಗ ನನಗ ಎಷ್ಟು ಹೊತ್ತು ಹಿಡೀತು?"

"ಒಂದು ತಾಸು ಇಪ್ಪತ್ತು ಮಿನಿಟ್."

"ಹಿಂದಿನ ಸಲ ಟಿಕೋಟಾಕ್ಕ?"

"ಒಂದು ತಾಸು ಇಪ್ಪತ್ಮೂರು."

"ಹೂಂ," ಅಂದ ಅವನು. ಮತ್ತೊಂದು ನಟ್ಟು ಹಾಕಿದ. "ಯಾರೂ ಇಷ್ಟು ಲಗೂ ಬಂದಿಲ್ಲ, ಈ ವರ್ಷ."

ದುಂಡವ್ವ ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ. ಅವಳ ತಲೆಯಲ್ಲಿ ಹೋದ ಆರು ನಿಮಿಷಗಳಷ್ಟೇ ಇದ್ದವು.

ಚೈನ್ ಕವರ್ ಕೂಡಿಸುವಷ್ಟರಲ್ಲಿ ಸೈಫುದ್ದೀನ ಬಂದ. ಹಿಂದೆ ನಜಮಾ. ಹಣೆಯ ನೀಲಿ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನು ನಿಂತೇ ಮಾತಾಡಿದ. ಬೆಳಗಾವಿಗೆ ಇನ್ನೂ ಮೂರು ವಾರ ಇದೆ, ಒಬ್ಬನೇ ಓಡಿಸಿದರೆ ತಾನು ಜೋರಾಗಿ ಹೋಗುತ್ತಿದ್ದೇನೋ ಇಲ್ಲವೋ ತಿಳಿಯುವುದಿಲ್ಲ ಎಂದ.

"ದಿನಾ ಮುಂಜಾನೆ ನನ್ನ ಮುಂದ ಸೈಕಲ್ ಹೊಡೀತಿಯೇನು, ಅಮೋಘಿ? ನಿನ್ನ ಬೆನ್ನ ಹತ್ತಿದ್ರ ನನಗ ಬೆಳಗಾವ್ಯಾಗ ಯಾರದೂ ಅಂಜಿಕಿ ಇರಂಗಿಲ್ಲ."

ಅಮೋಘಿ ನಟ್ಟು ಬಿಗಿಸುವ ಪಾನಾ ಕೈಯಲ್ಲಿ ಹಿಡಿದು ಸೈಕಲ್ಲನ್ನೇ ನೋಡುತ್ತ ಕೂತ. ಒಳಗೆ ಕನ್ನಡಿಯ ಮಗ್ಗುಲಲ್ಲಿ ಆ ಬಾಗಿದ ಹ್ಯಾಂಡಲ್ಲಿನ ಚಿತ್ರ ಇತ್ತು. ದುಂಡವ್ವ ಅತ್ತ ನೋಡಲು ಹೋಗಲಿಲ್ಲ. ಬಿಗಿಯಾಗಿ ಕೂತ ನಟ್ಟನ್ನೇ ಅವನು ಇನ್ನೊಮ್ಮೆ ಬಿಗಿ ಮಾಡಿದ. ಆಮೇಲೆ ಹಾಗೆ ಕೂತಲ್ಲಿಂದಲೇ, ಕೂಡಿಸಿದ ಚೈನ್ ಕವರನ್ನು ತಿರುಗಿ ಬಿಚ್ಚತೊಡಗಿದ.

"ಆರಕ್ಕ ನಾಕಾದ ಹತ್ರ ಬಾ," ಅಂದ ಸೈಫುದ್ದೀನನಿಗೆ.

ಅವರು ಹೋದ ಮೇಲೆ ಕೈ ತೊಳೆದುಕೊಳ್ಳುತ್ತ ತಂಗಿಯನ್ನು ಕರೆದ. ಗ್ರೀಸು ಹೋಯಿತು, ಅಂಗೈಯ ನೀಲಿ ಹೋಗಲಿಲ್ಲ.

"ದುಂಡಿ, ನಾಳೆ ನನ್ನ ಎಬ್ಬಸು. ಪಾವಣೆ ಆರಕ್ಕ."

ಹಾಗೆಂದವನು ಒಳಗೆ ಹೋದ. ಯಾವ ಹೊತ್ತು ಎಂದು ಬಿಡಿಸಿ ಹೇಳಲಿಲ್ಲ. ಗೊತ್ತಾಯಿತೋ ಇಲ್ಲವೋ ಎಂದು ತಿರುಗಿ ಕೇಳಲೂ ಇಲ್ಲ.

ಮರುದಿನ ದುಂಡವ್ವ ಎದ್ದಾಗ ಕೋಳಿ ಕೂಗುತ್ತಿದ್ದವು. ಅತ್ತಿ ಒಲೆ ಹೊತ್ತಿಸುತ್ತಿದ್ದಳು. ಒಲೆಯ ಬೆಳಕು ಗೋಡೆಯ ಗಡಿಯಾರದ ಮೇಲೆ ಬೀಳುತ್ತಿತ್ತು. ದುಂಡವ್ವ ಅದರ ಕೆಳಗೆ ನಿಂತಳು. ದೊಡ್ಡ ಮುಳ್ಳು ಎಂಟನ್ನು ದಾಟಿ ಮೆಲ್ಲಗೆ ಒಂಬತ್ತರ ಹತ್ತಿರ ಬಂತು. ಸಣ್ಣ ಮುಳ್ಳು ಆರಕ್ಕೆ ಇನ್ನೂ ಮುಟ್ಟಿರಲಿಲ್ಲ.

ಅವಳು ಹೋಗಿ ಅಣ್ಣನ ನೀಲಿ ಕೈ ಹಿಡಿದು ಅಲುಗಿಸಿದಳು.